ಗೂಡು ಬಿಡಿ, ಕೊಕ್ಕು ನೋಡಿ: ಮನೆತೋಟದಲ್ಲಿ ಹಕ್ಕಿ ಮರಿಮಾಡುವುದನ್ನು ಗಮನಿಸುವ ಬಗೆ

ಗೂಡಿನೊಳಗೆ ಇಣುಕದೆಯೇ ಅಲ್ಲಿ ಏನು ನಡೆಯುತ್ತಿದೆಯೆಂದು ಹೇಳಬಹುದು. ಗೂಡಿಗೆ ಬಂದುಹೋಗುವ ಹಕ್ಕಿಯ ಕೊಕ್ಕಿನಲ್ಲಿ ಏನಿದೆ ಎಂಬುದಷ್ಟನ್ನೇ ದೂರದಿಂದ ದಿನವೂ ನೋಡಿ ಬರೆದಿಟ್ಟರೆ ಸಾಕು. ಕೊಂಬೆ ಸರಿಸಿ, ಏಣಿ ಹಾಕಿ, ಮೊಬೈಲು ಚಾಚಿ ನೋಡುವ ಅಗತ್ಯವೇ ಇಲ್ಲ.

ಮೈಸೂರು, ಮಂಡ್ಯದ 30x40 ಸೈಟಿನ ಮನೆಯಲ್ಲೂ ಗೂಡು ಸಿಗುತ್ತದೆ, ಹುಡುಕುವ ಜಾಗ ಗೊತ್ತಿರಬೇಕು ಅಷ್ಟೆ. ಬಾಗಿದ ಕೊಕ್ಕಿನ ಪುಟ್ಟ ಸೂರಕ್ಕಿ (ಸನ್‌ಬರ್ಡ್) ವರಾಂಡದ ವೈರು, ಬಟ್ಟೆ ಹಗ್ಗದ ತುದಿ, ದಾಸವಾಳದ ಇಳಿಬಿದ್ದ ರೆಂಬೆಗೆ ಚೀಲದಂಥ ಗೂಡು ನೇತುಹಾಕುತ್ತದೆ. ಮೇಲೆಲ್ಲ ಜೇಡರ ಬಲೆ, ತೊಗಟೆಚೂರು, ಹುಳುವಿನ ಹಿಕ್ಕೆ ಅಂಟಿಸಿರುವುದರಿಂದ ಕಸ ಸಿಕ್ಕಿಕೊಂಡಂತೆ ಕಾಣುತ್ತದೆ. ಜುಟ್ಟಿನ ಹಕ್ಕಿ ಕೆಮ್ಮೀಸೆ ಪಿಕಳಾರ (ಬುಲ್‌ಬುಲ್) ಎದೆಮಟ್ಟದಿಂದ ತಲೆಮಟ್ಟದವರೆಗಿನ ಪೊದೆಯಲ್ಲಿ, ಕೆಲವೊಮ್ಮೆ ಕುಂಡದ ಗಿಡದಲ್ಲೇ, ಬಟ್ಟಲಿನಾಕಾರದ ಗೂಡು ಕಟ್ಟುತ್ತದೆ. ಎಲೆ ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿಗೆ ಅಗಲ ಎಲೆ ಬೇಕು. ನಿಂಬೆ, ಸೀತಾಫಲ, ಬದನೆಯಲ್ಲಿ ಎಲೆಯಂಚುಗಳು ಸೇರಿಕೊಂಡು ಕೊಳವೆಯಾಗಿದ್ದರೆ, ಅಂಚಿನಲ್ಲಿ ಹತ್ತಿಯ ಚುಕ್ಕೆಗಳು ಕಂಡರೆ, ಅದು ಹೊಲಿಗೆ. ಕಪ್ಪುಬಿಳುಪಿನ ಮಡಿವಾಳ ಹಕ್ಕಿ ಗೋಡೆಯ ಬಿರುಕು, ಪೊಟರೆ, ಮುರಿದ ಪೈಪು ಹುಡುಕುತ್ತದೆ. ಕಾಳು ತಿನ್ನುವ ಪುಟ್ಟ ಹಕ್ಕಿ ಚುಕ್ಕೆ ರಾಟವಾಳ (ಮುನಿಯ) ಮಳೆಗಾಲ ಹಿಡಿದ ಮೇಲೆ ಹುಲ್ಲಿನ ಉಂಡೆಯಂಥ ಗೂಡು ಮಾಡುತ್ತದೆ. ಮಂಡ್ಯದ ಗದ್ದೆ ಬಯಲಿನ ಅಂಚಿನ ಮನೆಯಾದರೆ ತೆಂಗಿನಲ್ಲೋ ಈಚಲಿನಲ್ಲೋ ಗೀಜಗನ ಗೂಡುಗಳೂ ಜೂನ್ ನಂತರ ಕಾಣುತ್ತವೆ.

ಪಿಕಳಾರಕ್ಕೂ ಮಡಿವಾಳಕ್ಕೂ ಬೇಸಿಗೆ ಮುಖ್ಯ ಕಾಲ. ಯುಗಾದಿಗೆ ಸುಣ್ಣ ಬಣ್ಣ ಮಾಡುವ, ಜೇಡರ ಬಲೆ ಹೊಡೆಯುವ, ಬೇಲಿ ಕತ್ತರಿಸುವ ದಿನಗಳೂ ಅವೇ. ಕತ್ತರಿ ಹಾಕುವ ಮುನ್ನ ಆ ಪೊದೆಯನ್ನು ಅರ್ಧ ಗಂಟೆ ದೂರದಿಂದ ನೋಡಿ. ಹಕ್ಕಿ ಒಂದೇ ಕಡೆಯಿಂದ ಮತ್ತೆ ಮತ್ತೆ ಒಳನುಗ್ಗುತ್ತಿದ್ದರೆ ಕತ್ತರಿ ಒಂದು ತಿಂಗಳು ಕಾಯಲಿ. ಹೊರಗೋಡೆಯ ಒಂದು ಮೂಲೆಯಲ್ಲಾದರೂ ಜೇಡರ ಬಲೆ ಉಳಿಸಿ. ಸೂರಕ್ಕಿಗೆ ಅದೇ ಗಾರೆ.

ಕೊಕ್ಕು ಹೇಳುವ ಸುದ್ದಿ

ನಾರು, ಒಣಹುಲ್ಲು, ಬಲೆ ಒಯ್ಯುತ್ತಿದ್ದರೆ ಗೂಡು ಕಟ್ಟುವ ಹಂತ. ಈ ಹಂತದಲ್ಲೇ ಹಕ್ಕಿಗೆ ಅಂಜಿಕೆ ಹೆಚ್ಚು. ಇನ್ನೂ ಮೊಟ್ಟೆಯಿಲ್ಲ, ಕಳೆದುಕೊಳ್ಳುವುದು ಕಡಿಮೆ, ಹಾಗಾಗಿ ಸ್ವಲ್ಪ ಕಾಟವಾದರೂ ಬಿಟ್ಟು ಹೋಗುತ್ತದೆ. ಕುರ್ಚಿ ಎಳೆದುಕೊಂಡು ಹತ್ತಿರ ಕೂರುವ ಆತುರ ಬೇಡ.

ಆಮೇಲೆ ಒಂದೆರಡು ದಿನ ಏನೂ ಕಾಣುವುದಿಲ್ಲ. ಕೊಕ್ಕು ಖಾಲಿ, ಗೂಡೂ ಖಾಲಿಯಂತೆ. ಹಕ್ಕಿ ಬಿಟ್ಟುಹೋಯಿತೆಂದು ಗೂಡು ಕಿತ್ತುಬಿಡುವ ತಪ್ಪು ಆಗುವುದೇ ಇಲ್ಲಿ. ಸಣ್ಣ ಹಕ್ಕಿಗಳು ಸಾಮಾನ್ಯವಾಗಿ ದಿನಕ್ಕೊಂದರಂತೆ, ಹೆಚ್ಚಾಗಿ ಬೆಳಗ್ಗೆ, ಮೊಟ್ಟೆಯಿಡುತ್ತವೆ. ಎಲ್ಲ ಇಟ್ಟಾದ ಮೇಲೆ ಅಥವಾ ಕೊನೆಯದಕ್ಕೆ ಸ್ವಲ್ಪ ಮೊದಲು ಬಿಗಿಯಾಗಿ ಕಾವಿಗೆ ಕೂರುತ್ತವೆ. ಹೀಗೆ ತಡಮಾಡುವುದರಿಂದಲೇ ಮೊಟ್ಟೆಗಳು ಹೆಚ್ಚುಕಡಿಮೆ ಒಟ್ಟಿಗೆ ಒಡೆಯುತ್ತವೆ. ಎರಡು ವಾರ ಕಾದು ನೋಡದೆ ಯಾವ ಗೂಡನ್ನೂ ಖಾಲಿಯೆಂದು ತೀರ್ಮಾನಿಸಬೇಡಿ.

ಕೊಕ್ಕಿನಲ್ಲಿ ಹುಳು ಹಿಡಿದು ಗೂಡಿಗೆ ಹೋದ ದಿನವನ್ನು ಒಂದನೇ ದಿನವೆಂದು ಬರೆದುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ. ಮೊದಮೊದಲು ತರುವುದು ಎಳೆ ಕಂಬಳಿಹುಳು, ಪುಟ್ಟ ಜೇಡ. ಕೆಲವು ದಿನ ಕಳೆದ ಮೇಲೆ ಮಿಡತೆಯಂಥ ದೊಡ್ಡ ಬೇಟೆ. ಹಣ್ಣು ತಿನ್ನುವ ಪಿಕಳಾರ, ಮಕರಂದ ಕುಡಿಯುವ ಸೂರಕ್ಕಿ, ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗೆ ಹುಳುವನ್ನೇ ತರುತ್ತವೆ, ಏಕೆಂದರೆ ಅಷ್ಟು ಬೇಗ ಮೈಕಟ್ಟಲು ಬೇಕಾದ ಸಾರ ಹುಳುವಿನಲ್ಲಿದೆ. ಮರಿ ಗೂಡಿನಲ್ಲಿರುವಷ್ಟು ದಿನ ತೋಟಕ್ಕೆ ಯಾವ ಔಷಧಿಯನ್ನೂ ಸಿಂಪಡಿಸಬೇಡಿ. ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ ಬಂದರೆ ಗೂಡಿಲ್ಲದ ರೆಂಬೆಗಳಿಗೆ ಮಾತ್ರ ನೀರು ರಭಸವಾಗಿ ಬಿಟ್ಟು ತೊಳೆಯಿರಿ.

ಹೋಗುವಾಗ ಹುಳು, ಬರುವಾಗ ಬಿಳಿ ಗುಳಿಗೆಯಂಥದ್ದು ಕೊಕ್ಕಿನಲ್ಲಿದ್ದರೆ ಅದು ಮರಿಯ ಹಿಕ್ಕೆ. ಲೋಳೆಪೊರೆಯ ಚೀಲದಲ್ಲಿ ಬರುವುದರಿಂದ ಎತ್ತಿಕೊಂಡು ಹೋಗಿ ದೂರ ಬಿಸಾಡಲು ಸುಲಭ. ಮರಿಗಳು ಚೆನ್ನಾಗಿ ತಿನ್ನುತ್ತಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ದಿನಗಳ ಲೆಕ್ಕ ಸುಮಾರಾಗಿ ಹೀಗೆ: ಪಿಕಳಾರ 2-3 ಮೊಟ್ಟೆ, ಕಾವು 12 ದಿನದ ಆಸುಪಾಸು, ಮರಿ ಗೂಡು ಬಿಡುವುದು ಇನ್ನೊಂದು 12 ದಿನಕ್ಕೆ. ಟುವ್ವಿ ಹಕ್ಕಿ ಹೆಚ್ಚಾಗಿ 3 ಮೊಟ್ಟೆ, ಕಾವು 12, ಮರಿಗೆ 14. ಸೂರಕ್ಕಿ 2 ಮೊಟ್ಟೆ, ಕಾವು 14ರಿಂದ 16, ಮರಿಗೆ 17ರ ಹತ್ತಿರ. ಸೂರಕ್ಕಿಯಲ್ಲಿ ಕಾವಿಗೆ ಕೂರುವುದು ಹೆಚ್ಚಾಗಿ ಹೆಣ್ಣು, ಉಣಿಸುವುದು ಇಬ್ಬರೂ. ಗುಬ್ಬಚ್ಚಿ 3-5 ಮೊಟ್ಟೆ, ಕಾವು 11ರಿಂದ 14, ಮರಿಗೆ 14ರಿಂದ 16.

ಎಲ್ಲಿ ಕೂರಬೇಕು, ಎಷ್ಟು ಹೊತ್ತು

ಎಲ್ಲಕ್ಕಿಂತ ಒಳ್ಳೆಯ ಜಾಗ ಮನೆಯೊಳಗಿನ ಕಿಟಕಿ. ಲೈಟು ಆರಿಸಿ, ಪರದೆಯ ಸಂದಿಯಿಂದ ನೋಡಿ. ಹೊರಗಾದರೆ ಪಿಕಳಾರಕ್ಕೆ 8-10 ಮೀಟರ್ ದೂರ ಬಿಡಿ. ವರಾಂಡದ ಸೂರಕ್ಕಿ ಮನೆಮಂದಿಯ ಓಡಾಟಕ್ಕೆ ಒಗ್ಗಿಕೊಂಡಿರುತ್ತದೆ, ಆದರೆ ನಿಂತು ದಿಟ್ಟಿಸುವುದಕ್ಕೆ ಒಗ್ಗಿರುವುದಿಲ್ಲ. ದುರ್ಬೀನು 8x42 (ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. ಬೆಳಗ್ಗೆ 6.30ರಿಂದ 8.30, ಸಂಜೆ 4.30ರಿಂದ 6 ಒಳ್ಳೆಯ ಹೊತ್ತು. ದಿನಕ್ಕೆ ಒಂದೇ ಹೊತ್ತಿನಲ್ಲಿ 30 ನಿಮಿಷ ಕೂತು ಯಾರು ಎಷ್ಟು ಸಲ ಬಂದರು, ಏನು ತಂದರು ಎಂದು ಬರೆಯಿರಿ. ಹೊತ್ತು ಬದಲಾಯಿಸಿದರೆ ಒಂದು ದಿನದ ಲೆಕ್ಕವನ್ನು ಇನ್ನೊಂದರ ಜೊತೆ ಹೋಲಿಸಲಾಗುವುದಿಲ್ಲ.

ಹಕ್ಕಿ ಹುಳು ಕಚ್ಚಿಕೊಂಡೇ ಪಕ್ಕದ ಕೊಂಬೆಯಲ್ಲಿ ಕೂತು, ಬಾಲ ಕುಣಿಸುತ್ತ ಚಿಟಚಿಟ ಕೂಗುತ್ತಿದ್ದರೆ ನೀವು ಹತ್ತಿರವಾದಿರಿ ಎಂದರ್ಥ. ತಕ್ಷಣ ಹಿಂದೆ ಸರಿಯಿರಿ. 10 ನಿಮಿಷವಾದರೂ ಒಳಗೆ ಹೋಗದಿದ್ದರೆ ಅಂದಿಗೆ ನೋಡುವುದನ್ನು ನಿಲ್ಲಿಸಿ. ಏಪ್ರಿಲ್ ಬಿಸಿಲಿನಲ್ಲಿ ಬರಿಮೈ ಮರಿಗೆ ತಾಯಿಯ ನೆರಳು ತಪ್ಪಿದರೆ ಜೀವಕ್ಕೇ ಕುತ್ತು. ಫೋಟೋ ಸರಿಯಾಗಿ ಬರಲೆಂದು ಎಲೆ ಕೀಳುವುದನ್ನು ನಾವು ಒಪ್ಪುವುದೇ ಇಲ್ಲ. ಆ ಒಂದು ಎಲೆ ಬಿಸಿಲಿಗೂ ಅಡ್ಡ, ಕಾಗೆಯ ಕಣ್ಣಿಗೂ ಅಡ್ಡ.

ಕಾಗೆ ಜಾಣ, ಮನುಷ್ಯ ಎತ್ತ ನೋಡುತ್ತಾನೆ ಎಂದು ಗಮನಿಸುತ್ತದೆ. ಕಾಗೆ ಕೂತಿರುವಾಗ ಗೂಡಿನತ್ತ ಮುಖ ಮಾಡಬೇಡಿ. ಅನ್ನ ಇಡುವ ಜಾಗ, ನೀರಿನ ತಟ್ಟೆ ಗೂಡಿನಿಂದ ದೂರವಿರಲಿ. ಮಣ್ಣಿನ ತಟ್ಟೆಯಲ್ಲಿ 3-4 ಸೆಂ.ಮೀ. ನೀರು ಸಾಕು, ಸೊಳ್ಳೆ ಮರಿಮಾಡದಂತೆ ದಿನವೂ ಚೆಲ್ಲಿ ತುಂಬಿಸಿ. ಕಾಗೆಯಲ್ಲದೆ ಕೆಂಬೂತ, ಬೆಕ್ಕು, ಕೇರೆಹಾವು, ಓತಿಕ್ಯಾತವೂ ಬರುತ್ತವೆ. ಹಾವು, ಕೆಂಬೂತಗಳಿಗೂ ಅದು ಊಟ, ಕಲ್ಲೆಸೆಯಬೇಡಿ. ಬೆಕ್ಕು ಮಾತ್ರ ನಮ್ಮ ಹೊಣೆ. ಇರುವೆ ಸಾಲು ಸೂರಕ್ಕಿಯ ಗೂಡಿನತ್ತ ಹೊರಟಿದ್ದರೆ, ತಂತಿಯ ಮೇಲೆ ಗೂಡಿನಿಂದ ಅರ್ಧ ಮೀಟರ್ ಆಚೆ ಎರಡು ಬೆರಳಗಲ ಗ್ರೀಸ್ ಸವರಿದರೆ ನಿಲ್ಲುತ್ತದೆ. ಕರೆಂಟು ವೈರಾದರೆ ಮುಟ್ಟಬೇಡಿ. ಹಕ್ಕಿಗೆಂದು ನೂಲು, ಕೂದಲು, ನೈಲಾನ್ ದಾರ ಹರಡಿಡಬೇಡಿ, ಮರಿಯ ಕಾಲಿಗೆ ಸುತ್ತಿಕೊಂಡು ಬಿಗಿಯುತ್ತದೆ.

ಮರಿ ಕೆಳಗೆ ಬಿದ್ದಿದ್ದರೆ

ಒಂಬತ್ತನೇ ದಿನದ ನಂತರ ಪಿಕಳಾರದ ಗೂಡಿನ ಪೊದೆಯನ್ನೂ ಅಲುಗಿಸಬೇಡಿ. ಹೆದರಿದ ಮರಿಗಳು ರೆಕ್ಕೆ ಬಲಿಯುವ ಮೊದಲೇ ಹಾರಿಬಿಡುತ್ತವೆ, ಮತ್ತೆ ಕೂರಿಸಿದರೂ ನಿಲ್ಲುವುದಿಲ್ಲ.

ಬಿದ್ದ ಮರಿಯ ಮೈಮೇಲೆ ಗರಿಯಿಲ್ಲದಿದ್ದರೆ, ಗೂಡು ಕೈಗೆಟುಕುವಂತಿದ್ದರೆ, ಎತ್ತಿ ಒಳಗಿಡಿ. ಮನುಷ್ಯರ ವಾಸನೆಗೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ನಿಜವಲ್ಲ. ಗರಿ ಬಂದು, ಬಾಲ ಮೊಂಡಾಗಿದ್ದು, ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಗೂಡು ಬಿಟ್ಟದ್ದು. ಹತ್ತಿರದ ಪೊದೆಗೆ ಏರಿಸಿ ನೀವು ಒಳಗೆ ಹೋಗಿ. ಅಪ್ಪ ಅಮ್ಮ ಅಲ್ಲೇ ಬಂದು ಉಣಿಸುತ್ತವೆ. ಆ ಮೂರುನಾಲ್ಕು ದಿನ ಬೆಕ್ಕನ್ನು ಮನೆಯೊಳಗೆ ಕೂಡಿಹಾಕಿ. ಹಾಲು, ಅನ್ನ ಬೇಡ. ಬಾಯಿಗೆ ನೀರು ಹನಿಸಿದರೆ ಶ್ವಾಸನಾಳಕ್ಕೆ ಹೋಗಿ ಮರಿ ಸಾಯಬಹುದು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಿದ್ದ ಹೆಜ್ಜಾರ್ಲೆ (ಪೆಲಿಕನ್) ಮರಿಗಳನ್ನು ಊರವರು ಆವರಣದಲ್ಲಿಟ್ಟು ಮೀನು ಹಾಕಿ ಸಾಕಿ ಬಿಟ್ಟಿದ್ದಾರೆ, ನಿಜ. ಅದು ಪಳಗಿದ ಕೈಗಳು ದೊಡ್ಡ ಹಕ್ಕಿಗೆ ಮಾಡುವ ಕೆಲಸ. ಪಿಕಳಾರದ ಮರಿಗೆ ಅರ್ಧ ಗಂಟೆಗೊಮ್ಮೆ ಹುಳು ಬೇಕು, ನಮ್ಮಿಂದಾಗದು. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಕಾಡುಹಕ್ಕಿಯ ಮೊಟ್ಟೆ, ಮರಿ ಎತ್ತಿಕೊಂಡು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ.

ಗುಬ್ಬಿಗೆ ಪೆಟ್ಟಿಗೆ

ಗುಬ್ಬಚ್ಚಿ ಗೂಡು ಮಾಡಲು ಪೆಟ್ಟಿಗೆ ಇಡುವುದಾದರೆ 18 ಮಿ.ಮೀ. ದಪ್ಪದ, ಬಣ್ಣ ಹೊಡೆಯದ ಹಲಗೆ ಬಳಸಿ. ಒಳತಳ 12x12 ಸೆಂ.ಮೀ., ಎತ್ತರ 20 ಸೆಂ.ಮೀ. ತೂತು 32 ಮಿ.ಮೀ., ತಳದಿಂದ 12 ಸೆಂ.ಮೀ. ಮೇಲೆ. ತೂತು ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ಮುಂದೆ ಕೂರಲು ಕಡ್ಡಿ ಬೇಡ, ಅದು ಕಾಗೆಗೆ ಅನುಕೂಲ. ತಳದ ಮೂಲೆಗಳಲ್ಲಿ 6 ಮಿ.ಮೀ.ನ ನಾಲ್ಕು ತೂತು ಕೊರೆದರೆ ಮಳೆನೀರು ನಿಲ್ಲುವುದಿಲ್ಲ. ತಗಡು, ಪ್ಲಾಸ್ಟಿಕ್ ಬೇಸಿಗೆಯಲ್ಲಿ ಒಲೆಯಾಗುತ್ತವೆ. ಪಡುವಣ ಬಿಸಿಲು, ಮುಂಗಾರಿನ ಇರಚಲು ತಪ್ಪಿಸಲು ತೂತು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಲಿ. ನೆಲದಿಂದ ಎರಡೂವರೆ ಮೂರು ಮೀಟರ್ ಎತ್ತರದಲ್ಲಿ, ಸೂರಿನಡಿ ಬಿಗಿಯಾಗಿ ಮೊಳೆ ಹೊಡೆಯಿರಿ. ತೂಗಾಡುವ ಪೆಟ್ಟಿಗೆ ಗುಬ್ಬಿಗೆ ಒಗ್ಗದು.

ಮರಿಗಳು ಹಾರಿ ಎರಡು ವಾರವಾದರೂ ಯಾರೂ ಬಾರದಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೆಯ ಹುಲ್ಲು ತೆಗೆದು, ಬಿಸಿನೀರು ಹಾಕಿ ತೊಳೆದು, ಒಣಗಿಸಿ ಮತ್ತೆ ಹಾಕಿ. ಫಿನಾಯಿಲ್ ಬೇಡ. ಸೂರಕ್ಕಿಯ ಗೂಡನ್ನು ಮಾತ್ರ ಹಾಗೇ ಬಿಡಿ, ಕೆಲವೊಮ್ಮೆ ಅದೇ ಗೂಡನ್ನು ಸರಿಮಾಡಿಕೊಂಡು ಮತ್ತೆ ಮೊಟ್ಟೆಯಿಡುತ್ತದೆ.