ಹೆಸರು ಪಟ್ಟಿಯಲ್ಲಿ, ಆಳು ನಾಪತ್ತೆ: ಕ್ಲ್ಯಾನ್ ವಾರ್‌ನಲ್ಲಿ ಆಡದವರನ್ನು ನಿಭಾಯಿಸುವುದು ಹೇಗೆ?

ಕ್ಲ್ಯಾಷ್ ಆಫ್ ಕ್ಲ್ಯಾನ್ಸ್ ಎಂಬ ಮೊಬೈಲ್ ಆಟ ಬಂದಿದ್ದು 2012ರಲ್ಲಿ, ಎರಡು ಕ್ಲ್ಯಾನ್‌ಗಳು (ಆಟಗಾರರ ತಂಡಗಳು) ಎದುರುಬದುರಾಗಿ ಹೊಡೆದಾಡುವ ಕ್ಲ್ಯಾನ್ ವಾರ್ ಅದಕ್ಕೆ ಸೇರಿದ್ದು 2014ರಲ್ಲಿ. ಒಂದು ಕ್ಲ್ಯಾನ್‌ನಲ್ಲಿ 50 ಜನಕ್ಕೆ ಜಾಗ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಪಿಯುಸಿ, ಡಿಗ್ರಿ ಓದುವಾಗ ಗೆಳೆಯರು ಸೇರಿ ಕಟ್ಟಿದ ಕ್ಲ್ಯಾನ್‌ಗಳು ಇಂದಿಗೂ ನಡೆಯುತ್ತಿವೆ. ಓದು ಮುಗಿದು ಒಬ್ಬ ದೇವನಹಳ್ಳಿ ಕಡೆ ಕೆಲಸಕ್ಕೆ, ಇನ್ನೊಬ್ಬ ಮನೆಯ ರೇಷ್ಮೆಗೆ, ಮತ್ತೊಬ್ಬ ಬೆಂಗಳೂರಿನ ಪಿಜಿಗೆ ಹೋದ ಮೇಲೆ ಪಟ್ಟಿಯಲ್ಲಿ ಹೆಸರು ಹಾಗೇ ಉಳಿಯುತ್ತದೆ, ಆಳು ಮಾತ್ರ ಕಾಣುವುದಿಲ್ಲ.

ಪಟ್ಟಿಯಲ್ಲಿ ಸುಮ್ಮನೆ ಹೆಸರಿದ್ದರೆ ಕ್ಲ್ಯಾನ್‌ಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ನಷ್ಟ ಶುರುವಾಗುವುದು ಆ ಹೆಸರು ವಾರ್‌ಗೆ ಹೋದಾಗ. ಎದುರಾಳಿ ಕ್ಲ್ಯಾನ್ ಹುಡುಕುವಾಗ ಆಟವು ನಮ್ಮ ಕಡೆ ವಾರ್‌ಗೆ ಸೇರಿಸಿದ ಎಲ್ಲರ ಬೇಸ್‌ಗಳ (ಆಟದಲ್ಲಿ ಅವರವರು ಕಟ್ಟಿದ ಊರುಗಳ) ಬಲವನ್ನೂ ಲೆಕ್ಕ ಹಾಕುತ್ತದೆ. ಅವರು ಆಡುತ್ತಾರೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಾಗದು. ಹಾಗಾಗಿ ಕಾಣೆಯಾದವನ ಟೌನ್ ಹಾಲ್ (ಬೇಸ್‌ನ ಮುಖ್ಯ ಕಟ್ಟಡ) ದೊಡ್ಡದಾದಷ್ಟೂ ಎದುರಿಗೆ ಬರುವ ಕ್ಲ್ಯಾನ್ ಗಟ್ಟಿಯಾಗುತ್ತದೆ. ಅವನಿಗೆಂದೇ ಬಂದ ಎದುರಾಳಿಯನ್ನು ಅವನಿಲ್ಲದೆ ಉಳಿದವರು ಹೊಡೆಯಬೇಕು. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಊಟಕ್ಕೆ ಕೂರದೆ ಎದ್ದು ಹೋದವನ ಕಥೆ ಇದು.

15 ಜನರ ವಾರ್ ತೆಗೆದುಕೊಳ್ಳಿ. ತಲಾ ಎರಡು ಅಟ್ಯಾಕ್‌ನಂತೆ ಒಟ್ಟು 30. ವಾರ್‌ನ ಗೆಲುವು ತೀರ್ಮಾನವಾಗುವುದು ಸ್ಟಾರ್ ಲೆಕ್ಕದಲ್ಲಿ, ಬೇಸ್‌ಗೆ ಮೂರರಂತೆ ಸಿಗಬಹುದಾದದ್ದು 45. ಎಲ್ಲರೂ ಮೊದಲ ಅಟ್ಯಾಕ್‌ನಲ್ಲಿ ತಮ್ಮ ಎದುರಿನ ಬೇಸ್ ಹೊಡೆದರೆ, ಕೆಟ್ಟುಹೋದ ಅಟ್ಯಾಕ್‌ಗಳನ್ನು ಸರಿಪಡಿಸಲು ಇನ್ನೂ 15 ಕೈಯಲ್ಲಿರುತ್ತವೆ. ಮೂವರು ಕೈಕೊಟ್ಟರೆ ಒಟ್ಟು 24ಕ್ಕೆ ಇಳಿಯುತ್ತದೆ. ಆ ಮೂವರು ಮುಟ್ಟದೆ ಬಿಟ್ಟ ಬೇಸ್‌ಗಳಿಗೆ ಮೂರು ಹೋದರೆ ಸರಿಪಡಿಸಲು ಉಳಿಯುವುದು ಒಂಬತ್ತು. ಹದಿನೈದು ಇದ್ದಲ್ಲಿ ಒಂಬತ್ತು! ಒಂದೆರಡು ಸ್ಟಾರ್‌ನಲ್ಲಿ ಸೋಲುವ ವಾರ್‌ಗಳ ಲೆಕ್ಕ ತೆಗೆದರೆ ಎಷ್ಟೋ ಸಲ ಸಿಗುವುದು ಇದೇ.

ಮೊದಲು ಗುರುತು ಹಿಡಿಯಿರಿ

ಚಾಟ್‌ನಲ್ಲಿ ಮಾತಾಡದವರೆಲ್ಲ ಆಡದವರಲ್ಲ. ಬಾಯಿ ಬಿಡದೆ ದಿನಕ್ಕೆರಡು ಸಲ ಬಂದು ಉಳಿದವರಿಗೆ ಟ್ರೂಪ್ (ಸೈನಿಕರು) ಕೊಟ್ಟು ಹೋಗುವವರು ಪ್ರತಿ ಕ್ಲ್ಯಾನ್‌ನಲ್ಲೂ ಒಂದಿಬ್ಬರು ಇರುತ್ತಾರೆ. ಅಂಥವರನ್ನು ಕಳೆದುಕೊಂಡರೆ ಕ್ಲ್ಯಾನ್‌ಗೇ ಹೊಡೆತ. ಮಾತನ್ನು ಬದಿಗಿಟ್ಟು ನಾಲ್ಕು ಕಡೆ ನೋಡಿ.

ಸದಸ್ಯರ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಜೊತೆ ಆ ಸೀಸನ್‌ನ ಡೊನೇಶನ್ ಲೆಕ್ಕ, ಎಂದರೆ ಕೊಟ್ಟ ಮತ್ತು ಪಡೆದ ಟ್ರೂಪ್‌ಗಳ ಲೆಕ್ಕ ಇರುತ್ತದೆ. ಸೀಸನ್ ಬದಲಾದಾಗ ಅದು ಸೊನ್ನೆಗೆ ಬರುವುದರಿಂದ ಸೀಸನ್ ಶುರುವಾದ ಮೂರನೇ ದಿನ ನೋಡಿ ತೀರ್ಮಾನಕ್ಕೆ ಬರಬೇಡಿ, ಕೊನೆಯ ವಾರ ನೋಡಿ. ಕೊಟ್ಟಿದ್ದೂ ಸೊನ್ನೆ, ಪಡೆದಿದ್ದೂ ಸೊನ್ನೆ ಎಂದರೆ ಆ ಮನುಷ್ಯ ಆಟ ತೆರೆದೇ ಇಲ್ಲ ಎನ್ನಲು ಹೆಚ್ಚುಕಡಿಮೆ ಅಡ್ಡಿಯಿಲ್ಲ. ಪಡೆದಿದ್ದು ಮಾತ್ರ ರಾಶಿ ಇದ್ದರೆ ಅದು ಬೇರೆ ಕಾಯಿಲೆ, ಅದರ ಮದ್ದೂ ಬೇರೆ.

ಎರಡನೆಯದು ರೇಡ್ ವೀಕೆಂಡ್, ಕ್ಲ್ಯಾನ್‌ನವರೆಲ್ಲ ಸೇರಿ ಬೇರೆ ಕ್ಲ್ಯಾನ್‌ಗಳ ಮೇಲೆ ದಾಳಿ ಮಾಡುವ ವಾರಾಂತ್ಯದ ಆಟ. ಶುಕ್ರವಾರ ಮಧ್ಯಾಹ್ನದಿಂದ ಸೋಮವಾರ ಮಧ್ಯಾಹ್ನದವರೆಗೆ ನಡೆಯುವ ಇದರಲ್ಲಿ ತಲಾ ಐದು ಅಟ್ಯಾಕ್, ಜೊತೆಗೆ ಒಂದು ಬೋನಸ್. ಯಾರು ಎಷ್ಟು ಹೊಡೆದರು ಎಂಬುದು ಪಟ್ಟಿಯಲ್ಲೇ ಇರುತ್ತದೆ. ವಾರದಲ್ಲಿ ಮೂರು ದಿನ ಬಾಗಿಲು ತೆರೆದಿದ್ದರೂ ಒಂದು ಅಟ್ಯಾಕ್‌ಗೂ ಬಿಡುವಾಗದವರು ವಾರ್‌ನ 24 ಗಂಟೆಯಲ್ಲಿ ಎರಡು ಹೊಡೆಯುತ್ತಾರೆಂದು ನಂಬುವುದು ಕಷ್ಟ. ಮೂರನೆಯದು ತಿಂಗಳ 22ರಿಂದ 28ರವರೆಗಿನ ಕ್ಲ್ಯಾನ್ ಗೇಮ್ಸ್ (ಕ್ಲ್ಯಾನ್‌ನವರು ಸವಾಲುಗಳನ್ನು ಮುಗಿಸಿ ಅಂಕ ಕೂಡಿಸುವ ಸ್ಪರ್ಧೆ) ಅಂಕ. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ವಾರ್ ಅಟ್ಯಾಕ್. ವಾರ್ ಮುಗಿದ ಕೂಡಲೇ ಅಟ್ಯಾಕ್ ಬಿಟ್ಟವರ ಹೆಸರಿನ ಸ್ಕ್ರೀನ್‌ಶಾಟ್ ತೆಗೆದಿಡಿ. ವಾರ ಕಳೆದ ಮೇಲೆ ‘ನಾನು ಹೊಡೆದಿದ್ದೆ ಅಲ್ವಾ’, ‘ಇಲ್ಲ ನೀನು ಬಿಟ್ಟೆ’ ಎಂಬ ಜಗಳಕ್ಕೆ ಅದೇ ಔಷಧಿ.

ಇಲ್ಲೊಂದು ಎಚ್ಚರಿಕೆ. ಹೊಡೆದು ಸೊನ್ನೆ ಸ್ಟಾರ್ ತಂದವನೂ ಹೊಡೆಯದೇ ಬಿಟ್ಟವನೂ ಒಂದೇ ಅಲ್ಲ. ಟ್ರೂಪ್ ಇಳಿಸಿದ ಮೇಲೆ ನೆಟ್‌ವರ್ಕ್ ಕೈಕೊಟ್ಟರೂ ಅಟ್ಯಾಕ್ ಖರ್ಚಾಗುತ್ತದೆ. ಬಾಗೇಪಲ್ಲಿ ಕಡೆಯ ಹಳ್ಳಿಯಲ್ಲಿ ಕೂತು ಆಡುವವನಿಗೆ ಇದು ಆಗಾಗ ಆಗುವಂಥದ್ದೇ. ಅವನಿಗೆ ಬೇಕಿರುವುದು ಅಟ್ಯಾಕ್ ಹೇಳಿಕೊಡುವವರು, ಕಿಕ್ (ಕ್ಲ್ಯಾನ್‌ನಿಂದ ಹೊರಹಾಕುವುದು) ಅಲ್ಲ.

ಕೆಂಪು ಶೀಲ್ಡ್‌ಗೆ ಮರ್ಯಾದೆ ತನ್ನಿ

ಪ್ರತಿ ಆಟಗಾರನ ಪ್ರೊಫೈಲ್‌ನಲ್ಲಿ ವಾರ್‌ಗೆ ಬರುತ್ತೇನೆ ಎನ್ನಲು ಹಸಿರು ಶೀಲ್ಡ್, ಬರುವುದಿಲ್ಲ ಎನ್ನಲು ಕೆಂಪು ಶೀಲ್ಡ್ ಇದೆ. ಇಡೀ ಸಮಸ್ಯೆಯ ಮುಕ್ಕಾಲು ಪಾಲಿಗೆ ಪರಿಹಾರ ಈ ಒಂದು ಬಟನ್. ಆದರೆ ಬಹಳ ಕ್ಲ್ಯಾನ್‌ಗಳಲ್ಲಿ ಕೆಂಪು ಹಾಕಿದವನನ್ನು ಹೇಡಿ ಎಂದು ರೇಗಿಸುತ್ತಾರೆ. ರೇಗಿಸಿಕೊಳ್ಳುವುದು ಯಾರಿಗೆ ಬೇಕು? ಹಸಿರಲ್ಲೇ ಬಿಟ್ಟು ಕಾಣೆಯಾಗುತ್ತಾನೆ. ಕ್ಲ್ಯಾನ್‌ನ ನಿಯಮದಲ್ಲಿ ಮೊದಲ ಸಾಲಾಗಿ ಹೀಗೆ ಬರೆಯಿರಿ: ‘ಕೆಂಪು ಹಾಕಿ ಎಷ್ಟು ದಿನ ಬೇಕಾದರೂ ಇರಿ, ಯಾರೂ ಕೇಳಲ್ಲ. ಹಸಿರು ಹಾಕಿ ಅಟ್ಯಾಕ್ ಬಿಟ್ಟರೆ ಕೇಳ್ತೀವಿ.’

ಮನೆಯಲ್ಲಿ ರೇಷ್ಮೆ ಹುಳ ಸಾಕುವ ಹುಡುಗನ ತಿಂಗಳನ್ನೇ ನೋಡಿ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಮೇಲೆ ಏಳೆಂಟು ದಿನ ಹುಳ ಸೊಪ್ಪು ತಿನ್ನುವ ವೇಗಕ್ಕೆ ಮನೆಮಂದಿಯೆಲ್ಲ ತೋಟಕ್ಕೂ ಹುಳದ ಮನೆಗೂ ಓಡಾಡಬೇಕು. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನ ಬಹುಪಾಲು ಹೋಗುವುದು ಈ ಹಂತದಲ್ಲೇ. ಆಮೇಲೆ ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯಬೇಕು. ಆ ದಿನಗಳಲ್ಲಿ ಅವನು ಫೋನ್ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಆದರೆ ಆ ವಾರ ಯಾವಾಗ ಬರುತ್ತದೆ ಎಂಬುದು ಚಾಕಿ ಹುಳ (ಎಳೆಯ ಹುಳ) ತಂದ ದಿನವೇ ಮನೆಯವರಿಗೆ ಅಂದಾಜಿರುತ್ತದೆ. ಅಂದೇ ಕೆಂಪು ಹಾಕಿ ಚಾಟ್‌ನಲ್ಲಿ ‘ಹುಳ ಇದೆ, ಇಂಥ ತಾರೀಖಿಗೆ ಬರ್ತೀನಿ’ ಎಂದರೆ ಮುಗಿಯಿತು. ಪರೀಕ್ಷೆ, ರಾಗಿ ಕಟಾವು, ಊರ ಜಾತ್ರೆ, ಮನೆಯ ಮದುವೆ ಎಲ್ಲಕ್ಕೂ ಇದೇ ಕ್ರಮ. ಲೀಡರ್ ಆದವನು ಇವನ್ನೆಲ್ಲ ಒಂದು ಕಡೆ ಬರೆದಿಟ್ಟುಕೊಂಡರೆ ಮಾರ್ಚ್‌ನಲ್ಲಿ 30 ಜನರ ವಾರ್ ಹಾಕುವ ದುಸ್ಸಾಹಸಕ್ಕೆ ಕೈಹಾಕುವುದಿಲ್ಲ.

ಮತ್ತೊಂದು ಮಾತು: ಹಸಿರು ಶೀಲ್ಡ್ ಹಾಕಿ ಮೂರು ತಿಂಗಳಿಂದ ಹಾಗೇ ಬಿಟ್ಟವರೂ ಇರುತ್ತಾರೆ. ಶೀಲ್ಡ್ ಒಂದನ್ನೇ ನಂಬದೆ, ವಾರ್ ಹಾಕುವ ಹಿಂದಿನ ರಾತ್ರಿ ಚಾಟ್‌ನಲ್ಲಿ ಹಾಜರಿ ಕೇಳಿ. ‘ನಾಳೆ ವಾರ್, ಬರೋರು 1 ಹಾಕಿ’ ಎಂದರೆ ಸಾಕು. ಹನ್ನೆರಡು ಜನ ಹಾಕಿದರೆ 10 ಜನರ ವಾರ್ ಹಾಕಿ. 15 ತುಂಬಿಸಲು ಮೂವರನ್ನು ಎಳೆದು ತರಬೇಡಿ. ಪ್ರಿಪರೇಷನ್ ಡೇ (ಯುದ್ಧಕ್ಕೆ ಮುಂಚಿನ ತಯಾರಿಯ ಹೊತ್ತು) ಶುರುವಾದ ಮೇಲೆ ಸಾಮಾನ್ಯ ವಾರ್‌ನ ಪಟ್ಟಿ ಬದಲಿಸಲು ಬರುವುದಿಲ್ಲ. ತಪ್ಪು ಹೆಸರು ಹೋದರೆ ಎರಡು ದಿನ ಅದನ್ನೇ ನೋಡುತ್ತ ಕೂರಬೇಕು.

ಗಂಟೆ ನೋಡಿ ವಾರ್ ಹಾಕಿ

ಪ್ರಿಪರೇಷನ್ 23 ಗಂಟೆ, ಬ್ಯಾಟಲ್ ಡೇ 24 ಗಂಟೆ. ಸೋಮವಾರ ಬೆಳಿಗ್ಗೆ 9ಕ್ಕೆ ವಾರ್ ಹಾಕಿದರೆ ಮಂಗಳವಾರ ಬೆಳಿಗ್ಗೆ 8ಕ್ಕೆ ಯುದ್ಧ ಶುರು, ಬುಧವಾರ ಬೆಳಿಗ್ಗೆ 8ಕ್ಕೆ ಮುಕ್ತಾಯ. ಅಷ್ಟು ಹೊತ್ತಿಗೆ ಅರ್ಧ ಕ್ಲ್ಯಾನ್ ಬೆಂಗಳೂರು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತದೆ. ‘ಬೆಳಿಗ್ಗೆ ಎದ್ದು ಹೊಡೀತೀನಿ’ ಎಂದು ಮಲಗಿದವರ ಅಟ್ಯಾಕ್‌ಗಳು ಅಲ್ಲೇ ಹೋಗುತ್ತವೆ. ಶುಕ್ರವಾರ ರಾತ್ರಿ 9ಕ್ಕೆ ಹಾಕಿದರೆ ಶನಿವಾರ ರಾತ್ರಿ 8ರಿಂದ ಭಾನುವಾರ ರಾತ್ರಿ 8ರವರೆಗೆ ಯುದ್ಧ. ಎದುರಾಳಿ ಸಿಗಲು ತಡವಾದರೆ ಅಷ್ಟು ನಿಮಿಷ ಮುಂದೆ ಹೋಗುತ್ತದೆ, ಅಷ್ಟೇ. ಶಿಫ್ಟ್ ಕೆಲಸದವರಿಗೂ ಇದರಲ್ಲಿ ಒಂದು ರಾತ್ರಿ, ಒಂದು ಹಗಲು ಸಿಗುತ್ತದೆ. ಬರೀ ಸಮಯ ಬದಲಿಸಿದ್ದಕ್ಕೇ ‘ಆಡದವರು’ ಎನಿಸಿಕೊಂಡವರು ಆಡತೊಡಗುವುದುಂಟು.

ಯುದ್ಧದ ದಿನ ಮೊದಲ ಅಟ್ಯಾಕ್‌ಗೆ 12 ಗಂಟೆಯ ಗಡುವು ಕೊಡಿ. ಗಡುವಿನೊಳಗೆ ಹೊಡೆಯದವರ ಎದುರಿನ ಬೇಸ್ ಯಾರಿಗೆ ಬೇಕಾದರೂ ಮುಕ್ತ ಎಂದು ಮೊದಲೇ ಹೇಳಿರಿ. ಕೊನೆಯ ನಾಲ್ಕು ಗಂಟೆ ಉಳಿದಾಗ, ಒಂದೂ ಹೊಡೆಯದವರಿಗೆ ಮಾತ್ರ ಹೆಸರು ಹಿಡಿದು ವಾಟ್ಸ್ಆ್ಯಪ್‌ನಲ್ಲಿ ನೆನಪಿಸಿ. ‘ಎಲ್ಲರೂ ಅಟ್ಯಾಕ್ ಮಾಡ್ರಪ್ಪಾ’ ಎಂದು ಗ್ರೂಪಿಗೆ ಹಾಕಿದ ಮೆಸೇಜ್ ಯಾರಿಗೂ ಹಾಕಿದ್ದಲ್ಲ.

ಬರುವುದೇ ಇಲ್ಲ ಎಂದು ಖಾತ್ರಿಯಾದವನ ಬೇಸ್ ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದರೆ, ಪ್ರಿಪರೇಷನ್ ದಿನವೇ ಅವನ ವಾರ್ ಕ್ಲ್ಯಾನ್ ಕ್ಯಾಸಲ್‌ಗೆ (ಬೇಸ್ ಕಾಯುವ ಟ್ರೂಪ್ ಇಡುವ ಕೋಟೆಗೆ) ಉಳಿದವರು ಟ್ರೂಪ್ ತುಂಬಬಹುದು. ಬೇಸ್ ಆದರೂ ಒಂದಿಷ್ಟು ತಡೆಯಲಿ. ಸಿಟ್ಟಿನಲ್ಲಿ ಯುದ್ಧದ ನಡುವೆ ಕಿಕ್ ಮಾಡಿದರೆ ಲಾಭವಿಲ್ಲ. ಅವನ ಬೇಸ್ ಎದುರಾಳಿಗೆ ಹಾಗೇ ಇರುತ್ತದೆ, ಹೊಸದಾಗಿ ಸೇರಿಸಿದವನಿಗೆ ಆ ವಾರ್‌ನಲ್ಲಿ ಅಟ್ಯಾಕ್ ಇರುವುದಿಲ್ಲ, ಕೊನೆಯ ಗಂಟೆಯಲ್ಲಿ ಹೊರಹಾಕಿದವನು ಬಂದೇಬಿಟ್ಟರೆ ಅವನ ಎರಡು ಅಟ್ಯಾಕ್‌ಗಳೂ ಹೋಗುತ್ತವೆ. ‘ನನ್ನ ಅಕೌಂಟ್ ತಗೊಂಡು ನೀನೇ ಹೊಡಿ’ ಎನ್ನುವ ಸುಲಭದ ದಾರಿಯನ್ನೂ ಹಿಡಿಯಬೇಡಿ. ಅಕೌಂಟ್ ಹಂಚಿಕೊಳ್ಳುವುದು ಆಟ ತಯಾರಿಸಿದ ಸೂಪರ್‌ಸೆಲ್‌ನ ನಿಯಮಕ್ಕೆ ವಿರುದ್ಧ, ಅಕೌಂಟ್‌ಗೇ ಕುತ್ತು ಬರಬಹುದು.

ಲೀಗ್ ವಾರದ ಲೆಕ್ಕ ಬೇರೆ

ತಿಂಗಳ ಮೊದಲಲ್ಲಿ ಬರುವ ಕ್ಲ್ಯಾನ್ ವಾರ್ ಲೀಗ್‌ನಲ್ಲಿ ಎಂಟು ಕ್ಲ್ಯಾನ್‌ಗಳ ಗುಂಪು, ಏಳು ಯುದ್ಧ, ಯುದ್ಧಕ್ಕೆ ತಲಾ ಒಂದೇ ಅಟ್ಯಾಕ್. ಒಬ್ಬ ತಪ್ಪಿಸಿಕೊಂಡರೆ ಸರಿಪಡಿಸಲು ಎರಡನೇ ಅಟ್ಯಾಕ್ ಯಾರ ಬಳಿಯೂ ಇರುವುದಿಲ್ಲ. ಅದೇ ಹೊತ್ತಿಗೆ ಇಲ್ಲಿ ಅನುಕೂಲವೂ ಒಂದಿದೆ: 15 ಜನರ ಲೀಗ್‌ಗೆ 15ಕ್ಕಿಂತ ಹೆಚ್ಚು ಜನರನ್ನು ನೋಂದಾಯಿಸಬಹುದು, ಆಯಾ ಯುದ್ಧದ ಪ್ರಿಪರೇಷನ್ ದಿನದಲ್ಲಿ ಆಡುವವರನ್ನು ಬದಲಿಸಬಹುದು. 18ರಿಂದ 20 ಜನರನ್ನು ಹಾಕಿಕೊಂಡು, ಒಂದು ಸಲ ತಪ್ಪಿಸಿದವರನ್ನು, ಬದಲಿಸಲು ಬರುವ ಮುಂದಿನ ಪಟ್ಟಿಯಿಂದ ಇಳಿಸಿ. ನೋಂದಣಿ ಮುಗಿದ ಮೇಲೆ ಹೊಸಬರಿಗೆ ಆ ತಿಂಗಳ ಲೀಗ್‌ನಲ್ಲಿ ಜಾಗವಿಲ್ಲ, ಹಾಗಾಗಿ ಹೆಚ್ಚುವರಿ ಜನ ಮೊದಲೇ ಇರಬೇಕು. 25-30 ಜನರನ್ನು ತುಂಬಿದರೆ ಮಾತ್ರ ಬೇರೆ ಪೇಚು. ಬಹುಮಾನವಾದ ಲೀಗ್ ಮೆಡಲ್ ಪೂರ್ತಿ ಸಿಗಲು ಒಬ್ಬರಿಗೆ ಎಂಟು ಸ್ಟಾರ್ ಬೇಕು, ಎಂದರೆ ಕನಿಷ್ಠ ಮೂರು ಅಟ್ಯಾಕ್, ನೆಮ್ಮದಿಗೆ ನಾಲ್ಕು. ಬೆಂಚಿನಲ್ಲೇ ಕೂತು ಎರಡು ಯುದ್ಧ ಆಡಿದವನು ಮುಂದಿನ ತಿಂಗಳು ತಾನಾಗಿಯೇ ಬರುವುದನ್ನು ಬಿಡುತ್ತಾನೆ. ಬೋನಸ್ ಮೆಡಲ್ ಹಂಚುವಾಗ ಸ್ಟಾರ್ ಜೊತೆಗೆ ಏಳಕ್ಕೆ ಏಳೂ ಹೊಡೆದವರಿಗೆ ಮೊದಲ ಪ್ರಾಶಸ್ತ್ಯ ಕೊಡಿ.

ಮಾತಾಡಿಸಿ, ಆಮೇಲೆ ಹೊರಗೆ

ಊರಿನವರದೇ ಕ್ಲ್ಯಾನ್ ಆದಾಗ ಕಿಕ್ ಮಾಡುವುದಕ್ಕೆ ಕೈ ಬರುವುದಿಲ್ಲ. ರಾತ್ರಿ ಹೊರಹಾಕಿದವನು ಬೆಳಿಗ್ಗೆ ಬಸ್ ಸ್ಟ್ಯಾಂಡ್‌ನಲ್ಲಿ ಎದುರಾಗುತ್ತಾನೆ. ಅದಕ್ಕೇ ತೀರ್ಮಾನ ಲೀಡರ್‌ನ ಮುಖ ನೋಡಿ ಆಗದೆ, ಮೊದಲೇ ಕ್ಲ್ಯಾನ್ ವಿವರಣೆಯಲ್ಲಿ ಬರೆದ ನಿಯಮದಂತೆ ಆಗಬೇಕು. ಹೇಳದೆ ಎರಡು ವಾರ್ ಸತತ ಬಿಟ್ಟರೆ ಮುಂದಿನ ಎರಡು ವಾರ್‌ಗೆ ಹೊರಗೆ. ಕೆಂಪು ಶೀಲ್ಡೂ ಇಲ್ಲ, ಸುದ್ದಿಯೂ ಇಲ್ಲ, 21 ದಿನ ಯಾವ ಚಟುವಟಿಕೆಯೂ ಇಲ್ಲವೆಂದರೆ ಕ್ಲ್ಯಾನ್‌ನಿಂದಲೇ ಹೊರಗೆ. ಈ ಅಂಕಿಗಳನ್ನು ನಿಮ್ಮ ಕ್ಲ್ಯಾನ್‌ಗೆ ಹೊಂದಿಸಿಕೊಳ್ಳಿ. ಕೋ-ಲೀಡರ್‌ನ ತಮ್ಮನಿಗೂ ಅದೇ ಅಂಕಿ ಎನ್ನುವುದನ್ನು ಮಾತ್ರ ಬಿಡಬೇಡಿ.

ಹೊರಹಾಕುವ ಮುನ್ನ ಒಂದು ಖಾಸಗಿ ಮೆಸೇಜ್. ವಯಸ್ಸಿನಲ್ಲಿ ದೊಡ್ಡವರಿಗೆ: ‘ಅಣ್ಣಾ, ಮೂರು ವಾರದಿಂದ ಕಾಣ್ತಿಲ್ಲ, ಎಲ್ಲಾ ಆರಾಮಾ? ಬಿಡುವಿಲ್ಲ ಅಂದ್ರೆ ಕೆಂಪು ಹಾಕಿರಿ, ಜಾಗ ಇಟ್ಟಿರ್ತೀವಿ.’ ಓರಗೆಯವನಿಗೆ: ‘ಆಡ್ತೀಯೋ ಇಲ್ವೋ ಹೇಳ್ಬಿಡೋ ಮಗಾ, ಪಟ್ಟಿ ಹಾಕ್ಬೇಕು.’ ಎರಡರಲ್ಲೂ ‘ನಿನ್ನಿಂದ ಸೋತ್ವಿ’ ಎಂಬುದು ಇರಬಾರದು. ಮೂರು ದಿನ ಉತ್ತರವಿಲ್ಲದಿದ್ದರೆ ಕಿಕ್ ಮಾಡಿ. ಆಗ ಬರೆಯಲು ಸಿಗುವ ಜಾಗವನ್ನು ಖಾಲಿ ಬಿಡಬೇಡಿ: ‘ಸದ್ಯಕ್ಕೆ ಜಾಗ ಬೇರೆಯವರಿಗೆ ಕೊಡ್ತಿದ್ದೀವಿ. ವಾಪಸ್ ಬಂದಾಗ ರಿಕ್ವೆಸ್ಟ್ ಹಾಕಿ, ತಗೋತೀವಿ.’ ಅವನು ಆಟ ತೆರೆದ ದಿನ ಇನ್‌ಬಾಕ್ಸ್‌ನಲ್ಲಿ ಮೊದಲು ಕಾಣುವುದು ಈ ಸಾಲು. ಅವನ ಪ್ಲೇಯರ್ ಟ್ಯಾಗ್ (ಆಟಗಾರನ ಗುರುತಿನ ಸಂಕೇತ) ಬರೆದಿಟ್ಟುಕೊಳ್ಳಿ, ಹೆಸರು ಬದಲಿಸಿದರೂ ಟ್ಯಾಗ್ ಬದಲಾಗದು. ಹಳೇ ಗೆಳೆಯರೇ ಹೆಚ್ಚಿದ್ದರೆ ಎರಡನೇ ಕ್ಲ್ಯಾನ್ ಒಂದನ್ನು ತೆರೆದು ‘ಪುರುಸೊತ್ತಿದ್ದಾಗ ಆಡೋರು’ ಎಂದು ಅಲ್ಲಿಗೆ ಕಳಿಸುವುದು ಎಲ್ಲರಿಗೂ ಹಿತ.

ಒಂದೇ ದಿನ ಹತ್ತಾರು ಜನರನ್ನು ಮಾತ್ರ ಹೊರಹಾಕಬೇಡಿ. ಚಾಟ್ ತುಂಬ ಕಿಕ್ ಸೂಚನೆಗಳನ್ನು ಕಂಡು ಆಡುವವರೂ ಕಾಲ್ತೆಗೆಯುತ್ತಾರೆ. ವಾರಕ್ಕೆ ಮೂರ್ನಾಲ್ಕು ಜನ, ಅಷ್ಟೇ ಹೊಸಬರು. ಹೊಸಬರಿಗೆ ಮೊದಲ ವಾರ ವಾರ್ ಬೇಡ, ಒಂದು ರೇಡ್ ವೀಕೆಂಡ್ ನೋಡಿ ಸೇರಿಸಿ.

ಲೀಡರ್‌ನೇ ಕಾಣೆಯಾದರೆ? 90 ದಿನ ಆಟಕ್ಕೆ ಬರದ ಲೀಡರ್‌ನಿಂದ ಪಟ್ಟ ತಾನಾಗಿ ಬೇರೆಯವರಿಗೆ ಹೋಗುವ ವ್ಯವಸ್ಥೆ ಆಟದಲ್ಲೇ ಇದೆ. ಅಷ್ಟರವರೆಗೆ ವಾರ್ ಹಾಕಲು, ಜನರನ್ನು ಸೇರಿಸಲು, ಕ್ಲ್ಯಾನ್ ಮೇಲ್ ಕಳಿಸಲು ಕೋ-ಲೀಡರ್ ಸಾಕು. ಕೋ-ಲೀಡರ್‌ಗಳೂ ಇಲ್ಲದ ಕ್ಲ್ಯಾನ್ ಮಾತ್ರ ನಿಂತೇ ಹೋಗುತ್ತದೆ. ಹೀಗಾಗಿ ಬೇರೆ ಬೇರೆ ಹೊತ್ತಿಗೆ ಆಟ ತೆರೆಯುವ ಇಬ್ಬರನ್ನಾದರೂ ಆ ಸ್ಥಾನದಲ್ಲಿಡಿ. ಕೆಲಸಕ್ಕೋ ಮದುವೆಗೋ ಹೊರಟ ಲೀಡರ್, ಹೊರಡುವ ಮುನ್ನ ಒಬ್ಬ ಕೋ-ಲೀಡರ್‌ನ ಹೆಸರು ಒತ್ತಿ ಲೀಡರ್ ಪಟ್ಟ ಬಿಟ್ಟುಕೊಟ್ಟರೆ ತಾನು ಕೋ-ಲೀಡರ್ ಆಗಿ ಉಳಿಯುತ್ತಾನೆ, ವಾಪಸ್ ಬಂದಾಗ ಕೇಳಿ ಪಡೆಯಬಹುದು. ಕೊಡುವ ಮುನ್ನ ಆ ಕೋ-ಲೀಡರ್‌ನ ಈ ಸೀಸನ್ ಡೊನೇಶನ್ ಒಮ್ಮೆ ನೋಡಿ.