ಹೊಸಬರಿಗೆ ಮಾರ್ಗದರ್ಶಿ: ಹೆಪ್ಪುಗಟ್ಟಿದ ಕೆರೆಯ ಮೇಲೆ ವಾಲೈ ಮೀನಿನ ಬೇಟೆ

ಮಿನ್ನೆಸೋಟಕ್ಕೆ ಬಂದ ಮೊದಲ ಜನವರಿಯಲ್ಲೇ ಆಫೀಸಿನವರು ಯಾರಾದರೂ ನಿಮ್ಮನ್ನು ಐಸ್ ಫಿಶಿಂಗ್‌ಗೆ ಕರೆಯಬಹುದು. ಕರೆದರೆ ಹೋಗಿ. ಆದರೆ ಆಗರ್ (ಐಸ್ ಕೊರೆಯುವ ಯಂತ್ರ), ಟೆಂಟು ಅಂತ ಮೊದಲ ಸಲವೇ ದುಡ್ಡು ಸುರಿಯಬೇಡಿ. ನಮ್ಮವರ ಎರಡು ಮೂರು ಗ್ಯಾರೇಜುಗಳಲ್ಲಿ ಅವು ಧೂಳು ಹಿಡಿದು ಕೂತಿವೆ, ಬೇಕಾದರೆ ಕೇಳಿ ತಗೊಳ್ಳಿ.

ಸ್ವಂತವಾಗಿ ಹೋಗುವುದಾದರೆ ಲೇಕ್ ಆಫ್ ದ ವುಡ್ಸ್ ಒಳ್ಳೆಯದು. ಟ್ವಿನ್ ಸಿಟೀಸ್‌ನಿಂದ (ಮಿನಿಯಾಪೊಲಿಸ್, ಸೇಂಟ್ ಪಾಲ್) ಕೆರೆ ಪಕ್ಕದ ಬೌಡೆಟ್ ಊರಿಗೆ ಕಾರಿನಲ್ಲಿ ಸುಮಾರು 5 ಗಂಟೆ. ಹೆಸರಿಗೆ ಕೆರೆ, ನೋಡಿದರೆ ಸಮುದ್ರ: ಮಿನ್ನೆಸೋಟ, ಕೆನಡಾದ ಒಂಟಾರಿಯೊ, ಮ್ಯಾನಿಟೋಬ ಮೂರಕ್ಕೂ ಚಾಚಿಕೊಂಡಿದೆ. ಅಲ್ಲಿನ ರೆಸಾರ್ಟಿನಲ್ಲಿ ಒಂದು ದಿನಕ್ಕೆ ಫಿಶ್ ಹೌಸ್ (ಐಸ್ ಮೇಲಿನ ಪುಟ್ಟ ಗುಡಿಸಲು) ಬಾಡಿಗೆ ಹಿಡಿಯಿರಿ. ಅವರೇ ಕರೆದುಕೊಂಡು ಹೋಗಿ, ತೂತು ಕೊರೆದು, ಹೀಟರ್ ಹಚ್ಚಿಕೊಟ್ಟು, ಸಂಜೆ ವಾಪಸ್ ಕರೆತರುತ್ತಾರೆ. ಶೌಚಾಲಯದ ವ್ಯವಸ್ಥೆ ಏನು ಅಂತ ಬುಕ್ ಮಾಡುವಾಗಲೇ ಕೇಳಿ. ಇದನ್ನು ಕೇಳಲು ನಾಚಿಕೊಂಡವರೆಲ್ಲ ಆಮೇಲೆ ಪಶ್ಚಾತ್ತಾಪ ಪಟ್ಟಿದ್ದಾರೆ.

16 ತುಂಬಿದವರು ಗಾಳ ಹಾಕಲು ಲೈಸೆನ್ಸ್ ಬೇಕು. ರಾಜ್ಯದಲ್ಲಿ 60 ದಿನ ನೆಲೆಸಿದ ಮೇಲಷ್ಟೇ ನಿವಾಸಿಗಳ ದರ. ಊರಿಂದ ಬಂದ ಅಪ್ಪ ಅಮ್ಮ ಸುಮ್ಮನೆ ಕೂತು ನೋಡುವುದಾದರೆ ಏನೂ ಬೇಡ. ಈ ಕೆರೆಗೆ ಅಳತೆಯ ನಿಯಮವೂ ಇದೆ: 19.5ರಿಂದ 28 ಇಂಚಿನ ವಾಲೈ ಸಿಕ್ಕರೆ ಕೂಡಲೇ ನೀರಿಗೆ ಬಿಡಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ (ಡಿಎನ್‌ಆರ್) ಆ ವರ್ಷದ ಪುಸ್ತಿಕೆ ನೋಡಿ.

ಈಗ ಮುಖ್ಯವಾದ ಮಾತು. ಚಳಿಗೆ ಹೆದರುವವರು ಬಹಳ ಜನ, ಹೆದರಬೇಕಾದ್ದು ಐಸಿಗೆ. ನಡೆಯಲು ಗಟ್ಟಿಯಾದ ಹೊಸ ಐಸ್ ಕನಿಷ್ಠ 4 ಇಂಚು ಬೇಕು, ಸ್ನೋಮೊಬೈಲಿಗೆ 5ರಿಂದ 7, ಸಣ್ಣ ಕಾರಿಗೆ 9ರಿಂದ 10. ಹಿಮ ಬೆರೆತು ಬೆಳ್ಳಗಾದ ಐಸ್ ಆದರೆ ಈ ಲೆಕ್ಕ ದುಪ್ಪಟ್ಟು. ಕಾಲಡಿಯ ದಪ್ಪ ನಾಲ್ಕು ಹೆಜ್ಜೆ ಆಚೆ ಇರಲಿಕ್ಕಿಲ್ಲ, ನದಿ ಸೇರುವ ಕಡೆಯಂತೂ ನಂಬಲೇಬೇಡಿ. ಕೊರಳಿಗೆ ಐಸ್ ಪಿಕ್ (ಐಸಿಗೆ ಚುಚ್ಚಿ ಹಿಡಿದುಕೊಳ್ಳುವ ಮೊಳೆಯ ಹಿಡಿ) ನೇತುಹಾಕಿಕೊಳ್ಳಿ. ಬಿದ್ದರೆ ಬಂದ ದಿಕ್ಕಿಗೇ ತಿರುಗಿ: ಅಲ್ಲಿಯವರೆಗೆ ನಿಮ್ಮನ್ನು ಹೊತ್ತಿದ್ದು ಆ ಐಸೇ. ಕಾಲು ಬಡಿಯುತ್ತಾ ಮೇಲೆ ಹತ್ತಿ, ಎದ್ದು ನಿಲ್ಲದೆ ಉರುಳಿಕೊಂಡು ದೂರ ಬನ್ನಿ. ನಡುನಡುವೆ ಕೆರೆ ಗುಡುಗಿದ ಹಾಗೆ ಸದ್ದು ಬರುತ್ತದೆ. ಐಸ್ ಹಿಗ್ಗಿ ಕುಗ್ಗುವ ಸದ್ದು ಅದು. ಮೊದಲ ಸಲ ಕೇಳಿದಾಗ ನಾನು ಬಾಗಿಲ ಕಡೆ ಓಡಿದ್ದೆ.

ಹೀಟರ್ ಉರಿಯುವಾಗ ಕಿಟಕಿ ಸ್ವಲ್ಪ ತೆರೆದಿರಲಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅಲಾರಂ ಒಯ್ಯಿರಿ. ಜೀನ್ಸ್ ಬೇಡ, ಹತ್ತಿ ಒದ್ದೆಯಾದರೆ ಮೈ ಕೊರೆಯುತ್ತದೆ, ಉಣ್ಣೆ ಹಾಕಿ. ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಫ್ಲಾಸ್ಕಿನಲ್ಲಿ ಬಿಸಿ ಸಾರು ಒಯ್ದವರು ಆ ದಿನದ ರಾಜರು.

ವಾಲೈಯ ಕಣ್ಣಿನ ಹಿಂದೆ ಬೆಳಕು ಪ್ರತಿಫಲಿಸುವ ಪದರವಿದೆ, ಮಬ್ಬಿನಲ್ಲೇ ಅದು ಚುರುಕಾಗಿ ಬೇಟೆಯಾಡುತ್ತದೆ. ಹಾಗಾಗಿ ಬೆಳಗಿನ ಜಾವ, ಸೂರ್ಯ ಮುಳುಗುವ ಹೊತ್ತು ಗಾಳ ಹಾಕಿಯೇ ಕೂತಿರಿ. ಮಧ್ಯಾಹ್ನ ಇಸ್ಪೀಟು ಆಡಿ. ಮಿನ್ನೋ (ಎರೆಯ ಪುಟ್ಟ ಮೀನು) ಸಿಕ್ಕಿಸಿದ ಗಾಳ ತಳದಿಂದ ಸುಮಾರು ಒಂದಡಿ ಮೇಲಿರಲಿ. ಸಸ್ಯಾಹಾರಿಗಳು ‘ಹಿಡಿದು ಬಿಟ್ಟುಬಿಡ್ತೀವಿ’ ಅನ್ನುವುದುಂಟು. ಆದರೆ 30 ಅಡಿಗಿಂತ ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿ, ಬಿಟ್ಟರೂ ಎಷ್ಟೋ ಸಾಯುತ್ತವೆ. ಆಳದಲ್ಲಿ ಬೇಕಾದಷ್ಟು ಸಿಕ್ಕ ಮೇಲೆ ಗಾಳ ಎತ್ತಿಬಿಡಿ.

ತಿನ್ನುವವರಿಗೆ: ಪಾದರಸದ ಕಾರಣಕ್ಕೆ ಬಸುರಿಯರಿಗೂ ಮಕ್ಕಳಿಗೂ ದೊಡ್ಡ ವಾಲೈ ಬೇಡ, ಸಣ್ಣದೂ ಅಪರೂಪಕ್ಕೆ ಮಾತ್ರ. ಬಿಳಿ ಮಾಂಸ, ವಾಸನೆ ಕಡಿಮೆ. ಮಂಗಳೂರಿನ ಕಡೆಯವರು ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾಣೆ ಹುರಿದ ಹಾಗೇ ಹುರಿಯುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಹುರಿಯುವುದಾದರೆ ಹೊರಗೆ ಎಷ್ಟೇ ಚಳಿಯಿದ್ದರೂ ಕಿಟಕಿ ತೆಗೆದಿಡಿ, ಹೊಗೆ ಅಲಾರಂ ಬಹಳ ಸೂಕ್ಷ್ಮ.