ಶರಣಾದವರ ಎಕೆ ಕೈಗೆ ಬಂದಾಗ

ಶಾಂತಿಪಾಲನೆಗೆ ಹೊರಟಿರೋ ಹುಡುಗರೇ, ನಿಮ್ಮ ಇನ್ಸಾಸ್ ರೈಫಲ್ ನಿಮಗೆ ಗೊತ್ತು. ಅಪಾಯ ಇರೋದು ಎದುರಿನವನು ತಂದೊಪ್ಪಿಸುವ ಬಂದೂಕಿನಲ್ಲಿ. ಕಾಂಗೋದ ಎರಡನೇ ಯುದ್ಧ 2003ರಲ್ಲೇ ಮುಗಿಯಿತು ಅಂತಾರೆ, ಆದರೆ ಪೂರ್ವದ ಉತ್ತರ ಕಿವು ಪ್ರಾಂತ್ಯದ ಕಾಡುಗಳಿಂದ ಹೋರಾಟಗಾರರು ಆಮೇಲೂ ಬಂದು ಶರಣಾಗುತ್ತಲೇ ಇದ್ದರು. ಅಲ್ಲಿನ ಗೋಮಾ ನಗರದ ಕಡೆ ನಾನು ಆಯುಧ ಒಪ್ಪಿಸಿಕೊಳ್ಳುವ ಟೇಬಲ್ಲಿನಲ್ಲಿದ್ದೆ. ಬಂದವುಗಳಲ್ಲಿ ಹೆಚ್ಚಿನವು ಎಕೆ ಜಾತಿಯವು. ಚೀನಾದ ಟೈಪ್ 56 ಕೂಡ ಬರ್ತಿತ್ತು, ಕೆಲವಕ್ಕೆ ನಳಿಕೆಯ ಕೆಳಗೇ ಮಡಚಿಟ್ಟ ಮೊಳೆಯಂಥ ಸಂಗೀನು.

ಬಂದೂಕನ್ನು ಕೈಯಿಂದ ಕೈಗೆ ತಗೊಳ್ಳಬೇಡಿ. ಮೂತಿ ಮರಳು ಮೂಟೆಯ ಕಡೆ ಇರುವಂತೆ ತಾಡಪಾಲಿನ ಮೇಲಿಡಿಸಿ, ಅವನನ್ನು ಹಿಂದೆ ಸರಿಸಿ. ದುಭಾಷಿ ಸ್ವಾಹಿಲಿಯಲ್ಲಿ ಮೆಲ್ಲಗೆ ಹೇಳಲಿ. ಬಂದವನು ಮೀಸೆ ಚಿಗುರದ ಹುಡುಗನೂ ಆಗಿರಬಹುದು, ಗದರಿಸಿದರೆ ಅವನ ಕೈ ಎತ್ತ ಹೋಗುತ್ತೋ ಹೇಳಲಾಗದು.

ಮೊದಲು ಮ್ಯಾಗಜೀನ್, ಅಂದರೆ ಗುಂಡು ತುಂಬೋ ಡಬ್ಬ. ಹಿಂದಿನ ಕ್ಯಾಚನ್ನು ಹೆಬ್ಬೆರಳಿಂದ ಮುಂದಕ್ಕೆ ಒತ್ತಿ, ಮ್ಯಾಗಜೀನನ್ನು ಮುಂದಕ್ಕೆ ವಾಲಿಸಿ ತೆಗೀರಿ. ನೇರ ಕೆಳಗೆ ಎಳೆದರೆ ಬರೋದಿಲ್ಲ. ಇದನ್ನು ಬಿಟ್ಟು ಮೊದಲೇ ಕಾಕ್ ಮಾಡಿದರೆ, ಅಂದರೆ ಹ್ಯಾಂಡಲ್ ಹಿಂದಕ್ಕೆಳೆದು ಬಿಟ್ಟರೆ, ಒಂದು ರೌಂಡ್ (ಗುಂಡು) ಹೊರಗೆ ಬಿದ್ದು ಇನ್ನೊಂದು ಚೇಂಬರ್ (ನಳಿಕೆಯ ಬುಡದ ಗುಂಡಿನ ಗೂಡು) ಸೇರುತ್ತೆ.

ಈಗ ಚೇಂಜ್ ಲಿವರ್, ಅಂದರೆ ಸೇಫ್, ಸಿಂಗಲ್ (ಒಂದೊಂದೇ ಗುಂಡು), ಆಟೋ (ಸತತ ಗುಂಡು) ಬದಲಿಸೋ ಸನ್ನೆ. ಇನ್ಸಾಸ್‌ನಲ್ಲಿ ಅದು ಎಡಕ್ಕೆ, ಕಾಕಿಂಗ್ ಹ್ಯಾಂಡಲ್ಲೂ ಎಡಕ್ಕೆ. ಎಕೆಯಲ್ಲಿ ಎರಡೂ ಬಲಕ್ಕೆ. ಲಿವರ್ ಪೂರ್ತಿ ಮೇಲಿದ್ದರೆ ಸೇಫ್, ಆಗ ಹ್ಯಾಂಡಲ್ ಪೂರ್ತಿ ಹಿಂದಕ್ಕೆ ಬರೋದಿಲ್ಲ. ಒಂದು ಮೆಟ್ಟಿಲು ಇಳಿಸಿದರೆ ಸಿಂಗಲ್ ಅಂದುಕೊಳ್ತೀರಿ, ಆದರೆ ಅಲ್ಲಿರೋದು ಆಟೋ! ಸಿಂಗಲ್ ಎಲ್ಲಕ್ಕಿಂತ ಕೆಳಗೆ. ಗುರುತಿನ ಅಕ್ಷರ ರಷ್ಯನ್ನೋ ಚೀನಿಯೋ ಇರಬಹುದು, ಸವೆದೂ ಹೋಗಿರಬಹುದು. ಲಿವರ್ ಎಲ್ಲಿದೆ ಅನ್ನೋದನ್ನೇ ನೋಡಿ. ಟ್ರಿಗರ್‌ನಿಂದ ಬೆರಳು ಹೊರಗಿಟ್ಟು ಲಿವರನ್ನು ತಳಕ್ಕಿಳಿಸಿ, ಹ್ಯಾಂಡಲ್ ಹಿಂದಕ್ಕೆಳೀರಿ.

ಚೇಂಬರಿನಲ್ಲಿದ್ದ ರೌಂಡ್ ಹಾರಿದರೆ ಹಾರಲಿ, ಹಿಡಿಯೋಕೆ ಹೋಗಬೇಡಿ. ಮ್ಯಾಗಜೀನ್ ಖಾಲಿಯಾದರೂ ಎಕೆಯ ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚೋ ಭಾಗ) ತಾನಾಗಿ ಹಿಂದೆ ನಿಲ್ಲೋದಿಲ್ಲ. ಹಾಗಾಗಿ ಮುಚ್ಚಿದ ಬೋಲ್ಟ್ ನೋಡಿ ಒಳಗೆ ಗುಂಡಿದೆಯೋ ಇಲ್ಲವೋ ಅಂತ ಹೇಳೋಕಾಗೋದಿಲ್ಲ. ಹ್ಯಾಂಡಲನ್ನು ಕೈಯಲ್ಲೇ ಬಿಗಿಯಾಗಿ ಹಿಂದೆ ಹಿಡಿದು ಚೇಂಬರ್ ನೋಡಿ, ಬೆಳಕಿಲ್ಲದಿದ್ದರೆ ಕಿರುಬೆರಳು ಹಾಕಿ ಮುಟ್ಟಿ. ಪಕ್ಕದ ಜವಾನನೂ ನೋಡಿ "ಖಾಲಿ" ಅನ್ನಲಿ. ಆಮೇಲೆ ಬೋಲ್ಟ್ ಬಿಟ್ಟು, ಲಿವರ್ ಮೇಲಕ್ಕೆ. ಸೀರಿಯಲ್ ನಂಬರ್ ರಿಜಿಸ್ಟರಿಗೆ ಹೋಗೋದು ಇದಾದ ಮೇಲೆಯೇ, ಎಷ್ಟೇ ಸಾಲು ನಿಂತಿರಲಿ.

ಪಿಕೆಎಂ ಮೆಷಿನ್ ಗನ್ ಬಂದರೆ ಈ ಕ್ರಮ ನಡೆಯೋದಿಲ್ಲ. ಅದರ ಬೋಲ್ಟ್ ಹಿಂದಿನಿಂದ ಮುಂದೆ ಬರುವಾಗಲೇ ಗುಂಡು ಹಾರುತ್ತೆ. ಆ ಗನ್ ಕಲಿತವನನ್ನೇ ಕರೀರಿ. ಆರ್‌ಪಿಜಿ ರಾಕೆಟ್ಟು, ತುಕ್ಕು ಹಿಡಿದ ಗ್ರೆನೇಡು ಕಂಡರೆ ಇದ್ದಲ್ಲೇ ಬಿಟ್ಟು, ಸುತ್ತಲಿನ ಜನರನ್ನು ದೂರ ಕಳಿಸಿ, ಬಾಂಬ್ ನಿಷ್ಕ್ರಿಯ ದಳಕ್ಕೆ ವಯರ್‌ಲೆಸ್ ಮಾಡಿ.